ಅಂಟಿಸಿದ ಗೇರ್ ತಿರುಗಲ್ಲ

1/8
ಬೀರು ಫೋಟೋ ಹಾಕಿದಾಗಿನಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಸ್ಟೀಮ್‌ಪಂಕ್ ಆರ್ಕೇಡ್ ಅಂತೀಯ, ಗೇರ್ ಎಲ್ಲಿ ಗುರು?"

ಇಲ್ಲ. ಒಂದೂ ಇಲ್ಲ. ಹುಡುಕ್ಬೇಡಿ.

ಹೊಸದಾಗಿ ಬಂದವರಿಗೆ ಚುಟುಕಾಗಿ ಹೇಳ್ತೀನಿ. ಸಾಗರದ ಹತ್ತಿರ ನಮ್ಮಜ್ಜಿ ಮನೆ. ಅಲ್ಲಿ ಎರಡು ಬಾಗಿಲಿನ ಹಳೇ ಸಾಗುವಾನಿ ಬೀರು ಇದೆ. ಬಾಗಿಲು ತೆಗೆದ್ರೆ ಒಳಗೆ ನಿಂತ್ಕೊಂಡು ಆಡೋ ವಿಡಿಯೋ ಗೇಮ್. ನಮ್ಮ ಮಾವಂದಿರು ಶಾಲೆ ತಪ್ಪಿಸಿ ಒಂದು ರೂಪಾಯಿ ಕಾಯಿನ್ ಹಾಕಿ ಆಡ್ತಿದ್ರಲ್ಲ, ಆ ಥರದ್ದು. ಬಾಗಿಲು ಹಾಕಿದ್ರೆ ಬರೀ ಬೀರು. ಮನೆಗೆ ಬಂದ ನೆಂಟರಿಗೆ ಗೊತ್ತೇ ಆಗಲ್ಲ.

ಇದನ್ನ ಮಾಡೋಕೆ ಎರಡು ಬೇಸಿಗೆ ರಜೆ ಹಿಡೀತು. ಅದರಲ್ಲಿ ಒಂದು ರಜೆ ಪೂರ್ತಿ ಹಾಳು ಮಾಡಿದ್ದಕ್ಕೆ ಹೋಯ್ತು, ಇನ್ನೊಂದು ಆ ಹಾಳನ್ನ ಸರಿ ಮಾಡೋದಕ್ಕೆ. ಹಾಗಾಗಿ ಇದು "ಹೇಗೆ ಮಾಡೋದು" ಸರಣಿ ಅಲ್ಲ. ನನಗೆ ಎರಡು ವಿಷಯದಲ್ಲಿ ಖಡಕ್ ಅಭಿಪ್ರಾಯ ಇದೆ, ಅದನ್ನ ಹೇಳ್ತೀನಿ. ಮೊದಲನೆಯದು ಗೇರ್ ಅಂಟಿಸೋ ಚಟದ ಬಗ್ಗೆ. ಎರಡನೆಯದು ಗಟ್ಟಿಯಾಗಿರೋ ಹಳೇ ಮರದ ಸಾಮಾನಿಗೆ ಗರಗಸ ಹಾಕೋದರ ಬಗ್ಗೆ. ಎರಡನೆಯದನ್ನ ನಾನು ಪೆಟ್ಟು ತಿಂದು ಕಲ್ತಿದ್ದು. ಅದು 3ರಲ್ಲಿದೆ, ದಯವಿಟ್ಟು ಸ್ಕಿಪ್ ಮಾಡ್ಬೇಡಿ.

2/8
"ಸ್ಟೀಮ್‌ಪಂಕ್" ಅನ್ನೋ ಪದ ತುಂಬಾ ಹಳೇದೇನಲ್ಲ. 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಅನ್ನೋ ಅಮೆರಿಕದ ಕಾದಂಬರಿಕಾರ 'ಲೋಕಸ್' ಪತ್ರಿಕೆಗೆ ಬರೆದ ಪತ್ರದಲ್ಲಿ, ಅರ್ಧ ತಮಾಷೆಗೆ, ಈ ಹೆಸರು ಇಟ್ಟ. ಕರೆಂಟು, ಚಿಪ್ಪು ಬರದೇ ಉಗಿಯಂತ್ರವೇ ಮುಂದುವರಿದಿದ್ರೆ ಜಗತ್ತು ಹೇಗಿರ್ತಿತ್ತು ಅನ್ನೋ ಕಲ್ಪನೆ ಅದು. ಬ್ಯಾಬೇಜ್ ತನ್ನ ಹಲ್ಲುಚಕ್ರದ ಕಂಪ್ಯೂಟರನ್ನ ಆಗಿನ ಕಾಲದಲ್ಲೇ ಪೂರ್ತಿ ಮಾಡಿಬಿಟ್ಟಿದ್ರೆ? 1990ರಲ್ಲಿ ಗಿಬ್ಸನ್ ಮತ್ತು ಸ್ಟರ್ಲಿಂಗ್ ಸೇರಿ ಇದೇ ಪ್ರಶ್ನೆ ಇಟ್ಕೊಂಡು ಒಂದು ಕಾದಂಬರಿ ಬರೆದ್ರು.

ಅಂದ್ರೆ ಅದರ ಚೆಂದ ಇರೋದು ಹಿತ್ತಾಳೆ ಬಣ್ಣದಲ್ಲಿ ಅಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋದು ಕಣ್ಣಿಗೆ ಕಾಣುತ್ತಲ್ಲ, ಅದರಲ್ಲಿ. ಹಿಡಿ ತಿರುಗಿಸಿದ್ರೆ ದಂಡ ಸರಿಯುತ್ತೆ, ದಂಡ ಸರಿದ್ರೆ ಚಕ್ರ ಉರುಳುತ್ತೆ. ನಮ್ಮ ಕೈಲಿರೋ ಫೋನ್‌ನಲ್ಲಿ ಆ ಸುಖ ಇಲ್ಲ. ಒಳಗೇನು ನಡೀತಿದೆ ಅಂತ ದೇವರಿಗೇ ಗೊತ್ತು.

ಈಗ ನಾವೇನು ಮಾಡ್ತೀವಿ ನೋಡಿ. ಕ್ರಾಫ್ಟ್ ಅಂಗಡಿಯಿಂದ ಒಂದು ಪ್ಯಾಕೆಟ್ ತಗಡಿನ ಗೇರ್ ತರ್ತೀವಿ. ಪ್ಲೈವುಡ್ ಡಬ್ಬಕ್ಕೆ ಗ್ಲೂ ಗನ್‌ನಲ್ಲಿ ಅಂಟಿಸ್ತೀವಿ. ಚಿನ್ನದ ಸ್ಪ್ರೇ ಹೊಡೀತೀವಿ. ಆಯ್ತು, ಸ್ಟೀಮ್‌ಪಂಕ್! ಮೆಕ್ಯಾನಿಕಲ್‌ನವರೇ, ನೀವಾದ್ರೂ ಹೇಳಿ: ಮೂರು ಗೇರ್‌ಗಳನ್ನ ತ್ರಿಕೋನವಾಗಿ ಇಟ್ಟು ಪ್ರತಿಯೊಂದೂ ಉಳಿದೆರಡಕ್ಕೆ ಹಲ್ಲು ಕಚ್ಚೋ ಹಾಗೆ ಜೋಡಿಸಿದ್ರೆ ಏನಾಗುತ್ತೆ? ಲಾಕ್. ಒಂದು ಬಲಕ್ಕೆ ತಿರುಗಿದ್ರೆ ಪಕ್ಕದ್ದು ಎಡಕ್ಕೆ ತಿರುಗಬೇಕು. ಮೂರನೆಯದು ಎರಡೂ ಕಡೆ ಒಟ್ಟಿಗೆ ತಿರುಗಬೇಕಾಗುತ್ತೆ. ಆಗೋ ಮಾತಲ್ಲ. ಇನ್ನೊಂದು ಸಲ ಯಾರದ್ದಾದ್ರೂ "ಸ್ಟೀಮ್‌ಪಂಕ್" ಲ್ಯಾಂಪ್ ನೋಡಿದಾಗ ಗೇರ್‌ಗಳನ್ನ ಗಮನಿಸಿ. ಅರ್ಧಕ್ಕರ್ಧ ಈ ತ್ರಿಕೋನವೇ ಇರುತ್ತೆ. ಯಂತ್ರಕ್ಕೆ ಗೌರವ ಕೊಡ್ತೀವಿ ಅಂತ ಹೇಳ್ಕೊಂಡು ಯಂತ್ರಕ್ಕೆ ಮಾಡೋ ಅವಮಾನ ಇದು.

ಜಾಸ್ತಿ ಕೋಪ ಬಂತು, ಸಾರಿ. ಮುಂದೆ ಹೋಗೋಣ.

3/8
ಇದನ್ನ ಬರೆಯೋಕೆ ಮನಸ್ಸಿಲ್ಲ. ಆದ್ರೂ ಬರೀತೀನಿ.

ಮೊದಲ ರಜೆ. ಸೆಕೆಂಡ್ ಇಯರ್ ಮುಗಿದಿತ್ತು. ಊರಿಗೆ ಹೋದವನಿಗೆ ಹಿಂದಿನ ಕೋಣೆಯ ಬೀರು ಕಣ್ಣಿಗೆ ಬಿತ್ತು. ಒಳಗೆ ಅಜ್ಜಿಯ ಹಳೇ ಸೀರೆ, ಒಂದಷ್ಟು ಕಂಬಳಿ. "ಅಜ್ಜೀ, ಇದನ್ನ ತಗೊಳ್ಲಾ?" ಅಂತ ಕೇಳ್ದೆ. ಅಡಿಕೆ ಸುಲೀತಾ ಕೂತಿದ್ದ ಅಜ್ಜಿ "ಹ್ಞೂಂ ತಗಾ" ಅಂದ್ರು. ಅವರು ತಿಳ್ಕೊಂಡಿದ್ದು ನನ್ನ ಬಟ್ಟೆ ಇಡೋಕೆ ಅಂತ. ನಾನು ಬಿಡಿಸಿ ಹೇಳ್ಲಿಲ್ಲ. ಹೇಳಿದ್ರೆ ಬೇಡ ಅಂತಾರೆ ಅನ್ನೋ ಅನುಮಾನ ಒಳಗೊಳಗೇ ಇತ್ತು ಅಂತ ಈಗ ಒಪ್ಕೋತೀನಿ.

ಮಧ್ಯಾಹ್ನ ಎಲ್ರೂ ಮಲಗಿದ್ದಾಗ ಬಲಗಡೆ ಬಾಗಿಲು ಕಳಚಿ, ಜಿಗ್‌ಸಾದಲ್ಲಿ ಮಾನಿಟರ್ ಅಳತೆಗೆ ಚೌಕಾಕಾರದ ತೂತು ಕೊರೆದೆ. ಆಮೇಲೆ ಎಡಗಡೆ ಬಾಗಿಲು. ಅದರ ಒಳಮೈಗೆ ಕಪ್ಪು ಬಣ್ಣ ಹೊಡೆಯೋಣ ಅಂತ 80 ನಂಬರ್ ಉಪ್ಪುಕಾಗದ ತಗೊಂಡು ಉಜ್ಜೋಕೆ ಶುರು ಮಾಡ್ದೆ. ಪೆನ್ಸಿಲ್‌ನಲ್ಲಿ ಏನೋ ಗೀಚಿತ್ತು, ಕೊಳೆ ಅಂದ್ಕೊಂಡೆ. ಮುಕ್ಕಾಲು ಭಾಗ ಉಜ್ಜಿ ಮುಗಿಸಿದ್ದೆ. ಅಜ್ಜಿ ಕಾಫಿ ತಂದ್ರು. ಬಾಗಿಲು ನೋಡಿದ್ರು.

"ಅಲ್ವೋ, ಅದರ ಒಳಗೆ ನಿಮ್ಮಜ್ಜ ಬರ್ಕಂಡಿದ್ದು ಇತ್ತಲ್ಲೋ."

ಅಜ್ಜ ಪ್ರತಿ ವರ್ಷ ಅಲ್ಲಿ ಒಂದು ಸಾಲು ಬರೀತಿದ್ರಂತೆ. ಮಳೆ ಹಿಡಿದದ್ದು ಯಾವ ನಕ್ಷತ್ರದ ಎಷ್ಟನೇ ದಿನ, ಆ ವರ್ಷ ಅಡಿಕೆಗೆ ಎಷ್ಟು ದರ ಸಿಕ್ತು. ಅಷ್ಟೇ. ರೋಹಿಣಿ, ಮೃಗಶಿರೆ, ಆರಿದ್ರೆ. ಮೂವತ್ತು ಚಿಲ್ಲರೆ ವರ್ಷ. ಡೈರಿ ಬರೆಯೋ ಮನುಷ್ಯ ಅಲ್ಲ ಅವರು. ಅವರ ಕೈಬರಹ ಅಂತ ಮನೇಲಿ ಬೇರೇನೂ ಉಳಿದಿಲ್ಲ, ಜಮೀನಿನ ಪತ್ರದ ಮೇಲಿನ ಸಹಿ ಬಿಟ್ರೆ.

ಅಜ್ಜಿ ಬೈಲಿಲ್ಲ. "ಹೋಗ್ಲಿ ಬಿಡು, ಕಾಫಿ ಆರೋಗ್ತದೆ" ಅಂದ್ರು. ಬೈದಿದ್ರೆ ವಾಸಿ ಇತ್ತು.

4/8
ಹಾಗಾಗಿ ನನ್ನ ಎರಡನೇ ಅಭಿಪ್ರಾಯ: ಬಾಗಿಲು ಸರಿಯಾಗಿ ಹಾಕ್ಕೊಳೋ, ಕಾಲು ಅಲ್ಲಾಡದ ಹಳೇ ಸಾಮಾನನ್ನ ಕತ್ತರಿಸಬೇಡಿ. ಯಾರು ಹ್ಞೂಂ ಅಂದ್ರೂ ಕತ್ತರಿಸಬೇಡಿ.

ಬೀರು ರಿಪೇರಿಗೆ ಊರಿನ ಆಚಾರ್ರನ್ನ ಕರೆದೆ. ಅವರು ಮೊದಲು ನನ್ನ ತೂತು ನೋಡಿ ನಕ್ಕರು. ಆಮೇಲೆ ಬೀರುವಿನ ಮೂಲೆ ತೋರಿಸಿದ್ರು. ಇಡೀ ಚೌಕಟ್ಟಿಗೆ ಒಂದು ಕಬ್ಬಿಣದ ಮೊಳೆ ಇಲ್ಲ. ಮರಕ್ಕೆ ಮರ ಕಚ್ಚು ಹಾಕಿ, ಬಿದಿರಿನ ಮೊಳೆ ಹೊಡೆದು ಕೂರಿಸಿದ್ದು. ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಈ ಕಚ್ಚು ಎರಡಕ್ಕೂ ಜಾಗ ಬಿಟ್ಕೊಡುತ್ತೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರವನ್ನೇ ತಿನ್ನುತ್ತೆ. ಬಾಗಿಲಿನ ನಡುವಿನ ಹಲಗೆಯನ್ನ ಅಂಟಿಸಿರಲಿಲ್ಲ, ಸುತ್ತಲಿನ ಗಾಡಿಯಲ್ಲಿ ಸುಮ್ಮನೆ ಕೂರಿಸಿದ್ರು, ಅದೂ ಅದೇ ಕಾರಣಕ್ಕೆ. ನೀವು ಹುಡುಕ್ತಿರೋ "ಕಣ್ಣಿಗೆ ಕಾಣೋ ಇಂಜಿನಿಯರಿಂಗ್" ಇದೇ ಅಲ್ವಾ? ನಾನು ಅದನ್ನ ಕತ್ತರಿಸಿ, ಅದರ ಮೇಲೆ ನಕಲಿ ಗೇರ್ ಅಂಟಿಸೋಕೆ ಹೊರಟಿದ್ದೆ.

ಆಚಾರ್ರು ಹಳೇ ಕಿಟಕಿಯ ಸಾಗುವಾನಿ ತುಂಡು ತಂದು ತೂತಿಗೆ ತೇಪೆ ಹಾಕಿದ್ರು. ಎಳೆ ಹೊಂದಿಸಿದ್ದಾರೆ, ಆದ್ರೂ ಕಾಣುತ್ತೆ. ಕಾಣ್ಲಿ.

ಹಂಗಾದ್ರೆ ಯಾವುದನ್ನ ತಗೋಬೇಕು? ಗುಜರಿ ಅಂಗಡಿಗೆ ಹೋಗಿ. ಬೆಂಗಳೂರಲ್ಲಿದ್ರೆ ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರ್ ಸುತ್ತಿ. ಒಂದು ಕಾಲು ಮುರಿದ ಡ್ರೆಸಿಂಗ್ ಟೇಬಲ್, ಒಳಗೆ ಏನೂ ಉಳಿಯದ ರೇಡಿಯೋ ಪೆಟ್ಟಿಗೆ, ಹಿಂಬದಿ ಗೆದ್ದಲು ತಿಂದ ಬೀರು. ಇವುಗಳಿಗೆ ನೀವು ಜೀವ ಕೊಡ್ತೀರ, ತೆಗೆಯಲ್ಲ. ಕುಟ್ಟೆ ಹಿಡಿದಿದೆಯಾ ಅಂತ ನೋಡೋಕೆ ಕೆಳಗೆ ಒಂದು ಬಿಳಿ ಪೇಪರ್ ಹಾಸಿ ಎರಡು ದಿನ ಬಿಡಿ. ಹೊಸ ಪುಡಿ ಬಿದ್ದಿದ್ರೆ ಹುಳು ಇನ್ನೂ ಒಳಗೇ ಇದೆ. ಹಳೇ ಬಣ್ಣ ಬಳಿದ ಸಾಮಾನಾದ್ರೆ ಒಣ ಉಜ್ಜೋದು ಬೇಡವೇ ಬೇಡ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ನಿಯಮ ಬಂದಿದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಧೂಳು ಮೂಗಿಗೆ ಹೋಗೋದು ಒಳ್ಳೇದಲ್ಲ, ಮನೇಲಿ ಚಿಕ್ಕ ಮಕ್ಕಳಿದ್ರಂತೂ ಮುಟ್ಟಲೇಬೇಡಿ.

5/8
ಈಗ ನನಗಿಷ್ಟವಾದ ಭಾಗ. ಮೂರನೇ ಫೋಟೋ ಝೂಮ್ ಮಾಡಿ. ಶತ್ರುಗಳ ಸಾಲು ಗಾಳಿಯಲ್ಲಿ ತೇಲ್ತಾ ಕೆಳಗಿಳೀತಿದೆ. ಅದರ ಹಿಂದೆ ಜೋಗ ಜಲಪಾತ. ಎಡಿಟ್ ಅಲ್ಲ.

1862ರ ಕ್ರಿಸ್‌ಮಸ್ ಹಿಂದಿನ ದಿನ ಲಂಡನ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಅನ್ನೋ ವಿಜ್ಞಾನದ ಮೇಷ್ಟ್ರು ರಂಗದ ಮೇಲೆ ಒಂದು ದೆವ್ವ ತೋರಿಸಿದ. ಉಪಾಯದ ಮೂಲ ಹೆನ್ರಿ ಡರ್ಕ್ಸ್ ಅನ್ನೋ ಇಂಜಿನಿಯರ್‌ದು, ಆದ್ರೆ ಹೆಸರು ಮಾತ್ರ "ಪೆಪ್ಪರ್ಸ್ ಘೋಸ್ಟ್" ಅಂತ ಉಳೀತು. ಡರ್ಕ್ಸ್‌ಗೆ ಆಗಿದ್ದು ಗ್ರೂಪ್ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಅರ್ಥ ಆಗುತ್ತೆ. ಉಪಾಯ ಇಷ್ಟೇ: ರಂಗದ ಮುಂದೆ ದೊಡ್ಡ ಗಾಜನ್ನ ಓರೆಯಾಗಿ ನಿಲ್ಲಿಸ್ತಾರೆ. ಪ್ರೇಕ್ಷಕರಿಗೆ ಕಾಣದ ಗುಂಡಿಯಲ್ಲಿ ಒಬ್ಬ ನಟ ನಿಂತಿರ್ತಾನೆ. ಅವನ ಮೇಲೆ ಬೆಳಕು ಬಿಟ್ರೆ ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ರಂಗದ ಮೇಲೇ ನಿಂತ ಹಾಗೆ ಕಾಣುತ್ತೆ. ಆರಿಸಿದ್ರೆ ಮಾಯ. ಸುದ್ದಿ ಓದುವವರ ಟೆಲಿಪ್ರಾಂಪ್ಟರ್ ಕೂಡ ಇದೇ ತಂತ್ರ.

ಈಗ 1978ಕ್ಕೆ ಬನ್ನಿ. ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್‌ವೇಡರ್ಸ್' ಮಾಡಿದ. ಅದರ ನಿಂತು ಆಡೋ ಕ್ಯಾಬಿನೆಟ್‌ನಲ್ಲಿ ಟಿವಿ ನಿಮ್ಮೆದುರಿಗೆ ಇರ್ತಿರಲಿಲ್ಲ! ಕೆಳಗೆ ಮೇಲ್ಮುಖವಾಗಿ ಮಲಗಿರ್ತಿತ್ತು. ಅದರ ಬೆಳಕು ಓರೆ ಗಾಜಿನ ಮೇಲೆ ಬಿದ್ದು, ಹಿಂದೆ ಚಿತ್ರಿಸಿದ್ದ ಚಂದ್ರನ ನೆಲದ ಮುಂದೆ ತೇಲ್ತಿತ್ತು. ಪರದೆ ಕಪ್ಪು ಬಿಳುಪು, ಬಣ್ಣಕ್ಕೆ ಅಂತ ಪಾರದರ್ಶಕ ಬಣ್ಣದ ಪಟ್ಟಿ. ಅಂದ್ರೆ ಜಗತ್ತನ್ನೇ ಹುಚ್ಚು ಹಿಡಿಸಿದ ಆರ್ಕೇಡ್ ಯಂತ್ರದ ಹೊಟ್ಟೆಯೊಳಗೆ ವಿಕ್ಟೋರಿಯಾ ರಾಣಿ ಕಾಲದ ನಾಟಕದ ತಂತ್ರ ಕೂತಿತ್ತು. ಸ್ಟೀಮ್‌ಪಂಕ್ ಆರ್ಕೇಡ್ ಬೇಕು ಅನ್ನೋರಿಗೆ ಇದಕ್ಕಿಂತ ಅಸಲಿ ದಾರಿ ಇನ್ನೇನು ಬೇಕು? ಒಂದು ಗೇರೂ ಬೇಡ.

ನನ್ನ ಬೀರುವಿನಲ್ಲೂ ಅದೇ. ಹಳೇ ಆಫೀಸಿನ 17 ಇಂಚಿನ ಮಾನಿಟರ್ ಮಲಗಿಸಿದೀನಿ. ಅಗಲ ಪರದೆಯದ್ದು ತರ್ಬೇಡಿ, ಈ ಹಳೇ 5:4 ಅಳತೆಯದ್ದೇ ಹಳೇ ಆಟಕ್ಕೆ ಒಗ್ಗುತ್ತೆ, ಸೆಕೆಂಡ್ಸ್‌ನಲ್ಲಿ ಅಗ್ಗ ಕೂಡ. ಬರೀ ಗಾಜಾದ್ರೆ ಬೆಳಕಿನ ಹತ್ತನೇ ಒಂದು ಪಾಲೂ ಸರಿಯಾಗಿ ವಾಪಸ್ ಬರಲ್ಲ, ಅದಕ್ಕೇ ಕಿಟಕಿಗೆ ಅಂಟಿಸೋ ಕನ್ನಡಿ ಥರದ ಸನ್ ಫಿಲ್ಮ್ ಹಾಕಿದೆ. ಗಾಜು 45 ಡಿಗ್ರಿ ಇರ್ಬೇಕು, ಮೇಲಂಚು ಆಡೋರ ಕಡೆ ವಾಲಿರ್ಬೇಕು, ಕೆಳಗಂಚು ಬೀರುವಿನ ಬೆನ್ನಿನ ಕಡೆ. ನಾನು ಮೊದಲು ಉಲ್ಟಾ ಇಟ್ಟು ಇಡೀ ದಿನ ಬೀರುವಿನ ಸೂರು ನೋಡ್ತಾ ಕೂತಿದ್ದೆ. ಇನ್ನೊಂದು, ಪ್ರತಿಬಿಂಬ ಎಡ ಬಲ ಅದಲು ಬದಲು ಆಗುತ್ತೆ. ಆಟ ನಾನೇ ಪೈಗೇಮ್‌ನಲ್ಲಿ ಬರೆದಿದ್ದರಿಂದ ಚಿತ್ರ ಉಲ್ಟಾ ಮಾಡೋಕೆ ಒಂದೇ ಸಾಲು ಸಾಕಾಯ್ತು. ಆಟಗಳ ಕಳ್ಳ ಫೈಲ್ ಎಲ್ಲಿ ಸಿಗುತ್ತೆ ಅಂತ ನನ್ನ ಕೇಳ್ಬೇಡಿ. ಸ್ವಂತ ಆಟ ಬರೆಯೋಕೆ ಇದಕ್ಕಿಂತ ಒಳ್ಳೇ ನೆಪ ಸಿಗಲ್ಲ.

ಹಿಂದಿರೋ ಜೋಗ? ಹಳೇ ಕ್ಯಾಲೆಂಡರ್. ಅಡುಗೆಮನೆ ಗೋಡೆಯಿಂದ ಕೇಳಿ, ಈ ಸಲ ಬಿಡಿಸಿ ಹೇಳಿ, ತಗೊಂಡಿದ್ದು.

6/8
ಕೈ ಮುಟ್ಟೋ ಭಾಗದ ಬಗ್ಗೆ ಜನ ಯೋಚನೆಯೇ ಮಾಡಲ್ಲ. ನೋಡೋಕೆ ಚೆಂದ ಇದ್ರೆ ಸಾಕು. ನನ್ನ ಪ್ರಕಾರ ಆರ್ಕೇಡ್ ಅಂದ್ರೇ ಕೈ.

ಜಾಯ್‌ಸ್ಟಿಕ್ ತುದಿಯ ಗುಂಡು ಸಾಮಾನ್ಯವಾಗಿ 35 ಎಂಎಂ ಪ್ಲಾಸ್ಟಿಕ್. ಜಪಾನ್ ಮಾದರಿಯ ಕೋಲಿಗೆ ಎಂ6 ಮರೆ ಇರುತ್ತೆ. ನಾನು ಚನ್ನಪಟ್ಟಣದಲ್ಲಿ ಇಳಿದು ಒಬ್ಬ ಕುಶಲಕರ್ಮಿಗೆ ಅಳತೆ ಕೊಟ್ಟೆ. ಅವರು ಆಲೆ ಮರದ ತುಂಡನ್ನ ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದು ಗುಂಡು ಮಾಡಿ, ತಿರುಗ್ತಿರೋ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದ್ರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ತು. ತಾಳೆ ಗರಿ ಒತ್ತಿ ಹೊಳಪು. ಎಲ್ಲ ಸೇರಿ ಒಂದು ಟೀ ಕುಡಿಯೋ ಹೊತ್ತು. "ಇದು ಯಾವ ಆಟದ ಸಾಮಾನು?" ಅಂತ ಕೇಳಿದ್ರು. ಫೋನ್‌ನಲ್ಲಿ ತೋರಿಸ್ದೆ. "ಅಷ್ಟೊಂದು ಎಳೀತಾರಾ ಇದನ್ನ? ಹಾಗಾದ್ರೆ ಒಳಗೆ ಹಿತ್ತಾಳೆ ನಟ್ ಕೂರಿಸು, ಮರದ ಮರೆ ಸವೀತದೆ" ಅಂದ್ರು. ನನಗೆ ಹೊಳೆದೇ ಇರಲಿಲ್ಲ.

ಚಕ್ರ ಒಂದಿದೆ, ಒಪ್ಕೋತೀನಿ. ಬಲಗಡೆ ಕಾಣೋದು ಕೆಟ್ಟ ಹೊಲಿಗೆ ಮಿಷಿನ್‌ನ ಕೈಚಕ್ರ. ಅದು ಅಲಂಕಾರಕ್ಕಲ್ಲ. 1976ರ 'ಬ್ರೇಕ್‌ಔಟ್' ಥರದ ಇಟ್ಟಿಗೆ ಒಡೆಯೋ ಆಟಕ್ಕೆ ತಿರುಗಿಸೋ ಗುಂಡಿ ಬೇಕು, ಕೋಲು ಅಲ್ಲ. ಕೈಚಕ್ರದ ಅಚ್ಚಿಗೆ ಹಳೇ ಬಾಲ್ ಮೌಸ್‌ನ ಒಳಗಿರೋ ಸೀಳುಸೀಳಿನ ಪುಟ್ಟ ಚಕ್ರ ಸೇರಿಸಿದೀನಿ. ಚಕ್ರ ತಿರುಗಿದ್ರೆ ಸೀಳುಗಳು ಬೆಳಕನ್ನ ತಡೆದು ಬಿಟ್ಟು ಮಾಡ್ತವೆ, ಕಂಪ್ಯೂಟರ್‌ಗೆ ಮೌಸ್ ಸರಿದ ಹಾಗೆ ಅನ್ಸುತ್ತೆ. ಎರಕದ ಕಬ್ಬಿಣ, ಭಾರ ಇದೆ, ಒಂದ್ಸಲ ಬೀಸಿದ್ರೆ ತಾನೇ ಓಡುತ್ತೆ. ಪ್ಲಾಸ್ಟಿಕ್ ಗುಂಡಿಯಲ್ಲಿ ಆ ಮಜಾ ಇಲ್ವೇ ಇಲ್ಲ.

ಇದೆಲ್ಲ ಕೂತಿರೋದು ಬೀರುವಿನ ಮೇಲಲ್ಲ, ಒಳಗೆ ಜಾರಿಸಿದ ಪ್ಲೈವುಡ್ ಪೆಟ್ಟಿಗೆಯಲ್ಲಿ. ಬೀರುವಿಗೆ ಒಂದು ಹೊಸ ಸ್ಕ್ರೂ ಬಿದ್ದಿಲ್ಲ. ಹಲಗೆ ಇಡೋಕಿದ್ದ ಹಳೇ ಪಟ್ಟಿಗಳ ಮೇಲೇ ಪೆಟ್ಟಿಗೆ ಕೂರುತ್ತೆ. ಇದು ಅಜ್ಜಿಯ ಷರತ್ತು: "ನಾಳೆ ನನ್ನ ಸೀರೆ ವಾಪಸ್ ಇಡ್ಬೇಕು ಅಂದ್ರೆ ಇಡೋ ಹಾಗಿರ್ಬೇಕು." ಇಪ್ಪತ್ತು ನಿಮಿಷದ ಕೆಲಸ, ಟೈಮ್ ಹಿಡಿದು ನೋಡಿದೀನಿ. ಗುಂಡಿಗಳ ಎತ್ತರ ನೆಲದಿಂದ 95 ಸೆಂಟಿಮೀಟರ್ ಇಟ್ಟೆ. ಅದಕ್ಕಿಂತ ಕೆಳಗಿಟ್ರೆ ಸೊಂಟ ಬಗ್ಗಿ ಅರ್ಧ ಗಂಟೆಗೇ ನೋವು.

7/8
ಒಂದು ಮಾತು ಹೇಳದೇ ಇರೋಕಾಗ್ತಿಲ್ಲ. ಫ್ಯಾನ್ಸಿ ಡ್ರೆಸ್‌ಗೆ ಎತ್ತರದ ಟೋಪಿ, ಕನ್ನಡಕ, ಚೈನಿನ ಗಡಿಯಾರ ಹಾಕ್ಕೊಂಡು "ವಿಕ್ಟೋರಿಯನ್ ಗೋಲ್ಡನ್ ಏಜ್" ಅಂತ ಕ್ಯಾಪ್ಶನ್ ಹಾಕ್ತೀವಲ್ಲ. ಯಾರ ಗೋಲ್ಡನ್ ಏಜ್? ಅದೇ ಕಾಲದಲ್ಲಿ, 1876ರಿಂದ 78, ಧಾತು ಮತ್ತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಊರೂರೇ ಖಾಲಿಯಾಯ್ತು. ಟೋಪಿ ಹಾಕ್ಬೇಡಿ ಅಂತಿಲ್ಲ. ಹಾಕ್ಕೊಂಡು ಕನ್ನಡಿ ನೋಡ್ಕೊಳ್ಳುವಾಗ ಅದೂ ನೆನಪಿರ್ಲಿ.

ಅಷ್ಟಕ್ಕೂ ನಮ್ಮ ಕಡೆ ಯಂತ್ರದ ಕಥೆ ಉಗಿಗಿಂತ ನೀರಿಂದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, ಸುಮಾರು 147 ಕಿಲೋಮೀಟರ್ ತಂತಿಯಲ್ಲಿ. ನನ್ನ ಬೀರುವಿನ ಹಿಂದೆ ಲಂಡನ್ ಹೊಗೆ ಬದಲು ಜೋಗ ಇರೋದು ಅದಕ್ಕೇ. ಹಿತ್ತಾಳೆ ಬೇಕು ಅನ್ಸಿದ್ರೆ ಆನ್‌ಲೈನ್ ಆರ್ಡರ್ ಯಾಕೆ? ಹಳೇ ಪಿತ್ತಾಳೆ ಚಿಲಕ, ಕಪ್ಪು ಬೇಕಲೈಟ್ ಸ್ವಿಚ್ಚು, ಪಿಂಗಾಣಿ ಫ್ಯೂಸು, ಎಲ್ಲ ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತೆ. ನನ್ನ ಸ್ಟಾರ್ಟ್ ಬಟನ್ ಹಳೇ ಕಾಲಿಂಗ್ ಬೆಲ್ ಗುಂಡಿ.

ಆದ್ರೆ ಹುಷಾರು ಕಣ್ರೋ. ಹಳೇ ಸ್ವಿಚ್ಚಿನಲ್ಲಿ ಹರಿಯೋದು 5 ವೋಲ್ಟ್ ಮಾತ್ರ ಇರ್ಲಿ. ಬಟ್ಟೆ ಸುತ್ತಿದ ಹಳೇ ವೈರ್ ಚೆಂದ ಅಂತ 230 ವೋಲ್ಟ್ ಬಿಟ್ರೆ, ಒಣ ಮರದ ಪೆಟ್ಟಿಗೆ ಅದು, ನೆನಪಿಡಿ. ಮೇನ್ಸ್‌ಗೆಲ್ಲ ಹೊಸ ವೈರು, ಅರ್ತ್ ಇರೋ ಮೂರು ಪಿನ್ ಪ್ಲಗ್ಗು. ನಾನು ಪರದೆ ಒಡೆದ ಲ್ಯಾಪ್‌ಟಾಪ್ ಬಳಸಿದೀನಿ, ಅದು ಮುಚ್ಚಿದ ಬೀರುವಿನಲ್ಲಿ ಕಾದು ಕೆಂಪಾಗ್ತಿತ್ತು. ಬೆನ್ನಿನ ಹಲಗೆಯಲ್ಲಿ ಮೊದಲೇ ಒಂದು ಮುರಿದಿತ್ತು, ಅಲ್ಲಿಗೆ ಫ್ಯಾನ್ ಇಟ್ಟೆ.

8/8
ಕೊನೇ ಫೋಟೋ ಎಡಗಡೆ ಬಾಗಿಲಿನ ಒಳಮೈ. ಕಪ್ಪು ಬಣ್ಣ ಹೊಡೀಲಿಲ್ಲ.

ಎರಡನೇ ರಜೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಟಾರ್ಚ್ ಹಿಡಿದು ವೈರಿಂಗ್ ನೋಡ್ತಿದ್ದೆ. ಬೆಳಕು ಬಾಗಿಲಿನ ಮೇಲೆ ಓರೆಯಾಗಿ ಬಿತ್ತು, ನಾನು ಉಜ್ಜದೇ ಬಿಟ್ಟಿದ್ದ ಕೆಳಗಿನ ಕಾಲು ಭಾಗದ ಅಂಚಿನಲ್ಲಿ ಗೆರೆಗಳು ಎದ್ದು ಬಂದ್ವು. ಪೆನ್ಸಿಲ್ ಕಪ್ಪು ಹೋಗಿತ್ತು, ಒತ್ತಿ ಬರೆದ ಗುರುತು ಉಳಿದಿತ್ತು. ಅಜ್ಜ ಗಟ್ಟಿಯಾಗಿ ಒತ್ತಿ ಬರೀತಿದ್ರು ಅನ್ಸುತ್ತೆ. ಹತ್ತಿರತ್ತಿರ ಒಂಬತ್ತು ಸಾಲು ಓದೋಕಾಯ್ತು. ನಾಲ್ಕು ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆದಿಟ್ಟಿದೀನಿ. ಮೇಲಿನ ಇಪ್ಪತ್ತಕ್ಕೂ ಹೆಚ್ಚು ಸಾಲು ಹೋಯ್ತು. ಅದರಲ್ಲಿ ಅಜ್ಜಿಗೆ ಬಾಯಲ್ಲಿರೋದು ಎರಡೇ. ಒಂದು ಅಪ್ಪ ಹುಟ್ಟಿದ ವರ್ಷದ್ದು, ಆರಿದ್ರೆ ಅರ್ಧ ಕಳೆದ ಮೇಲೆ ಮಳೆ ಹಿಡಿದಿದ್ದು. ಇನ್ನೊಂದರ ದರ ಮಾತ್ರ ನೆನಪು, ವರ್ಷ ನೆನಪಿಲ್ಲ.

ಅಜ್ಜಿ ಆಡಿದ್ರಾ ಅಂತ ಕೇಳ್ತೀರ. ಇಲ್ಲ. ಒಂದ್ಸಲ ಕೈಚಕ್ರ ತಿರುಗಿಸಿ "ಎಣ್ಣೆ ಬಿಡು, ಕಿರ್ ಅಂತದೆ" ಅಂದ್ರು. ಬಿಟ್ಟೆ.

ಈ ವಾರಾಂತ್ಯ ಊರಿಗೆ ಹೋಗೋರು ಒಂದು ಕೆಲಸ ಮಾಡಿ. ಮನೇಲಿರೋ ಹಳೇ ಬೀರು, ಪೆಟ್ಟಿಗೆ, ಕಪಾಟಿನ ಬಾಗಿಲು ತೆಗೆದು ಒಳಮೈಗೆ ಫೋನ್ ಟಾರ್ಚನ್ನ ಪಕ್ಕದಿಂದ, ಮರಕ್ಕೆ ತಾಗಿಸಿದ ಹಾಗೆ ಹಿಡೀರಿ. ಹಾಲಿನ ಲೆಕ್ಕ, ಧೋಬಿ ಲೆಕ್ಕ, ಯಾರದೋ ಎತ್ತರದ ಗುರುತು, ಏನಾದ್ರೂ ಇದ್ರೆ ನನಗೆ ಫೋಟೋ ಕಳ್ಸಿ. ಮುಂದಿನ ಪೋಸ್ಟ್ ಅದರದ್ದೇ ಹಾಕ್ತೀನಿ.

#ಬೀರುಆರ್ಕೇಡ್ #ಗೇರ್‌ಇಲ್ಲ #ಗುಜರಿ #ಸಾಗರ #ಆರಿದ್ರೆ